ಎರೆ ನೆಲದ ಮೇಲೆ 450 ಚದರ ಅಡಿಯ ಮಣ್ಣಿಟ್ಟಂಗಿ ಮನೆ: ದುಡ್ಡು ಎಲ್ಲಿ ಹಾಕಬೇಕು, ಎಲ್ಲಿ ಉಳಿಸಬೇಕು?

ಪ್ರಶ್ನೆ: ನಮ್ಮದು ಅಣ್ಣಿಗೇರಿ ಹತ್ತಿರದ ಹಳ್ಳಿ. ಊರೊಳಗೆ 30×40 ಅಡಿ ಜಾಗ ಇದೆ, ಪೂರ್ತಿ ಎರೆ, ಅಂದರೆ ಕಪ್ಪು ಮಣ್ಣು. ಅಜ್ಜ ಕಟ್ಟಿಸಿದ, ಮಣ್ಣಿನ ಗೋಡೆಯ ಮಾಳಿಗೆ ಮನೆ (ಮೇಲೆ ಮಣ್ಣು ಹಾಸಿದ ಚಪ್ಪಟೆ ಚಾವಣಿ) ಮಳೆಗೆ ಅರ್ಧ ಬಿದ್ದಿದೆ. ಅಪ್ಪ-ಅವ್ವ ಇಬ್ಬರಿಗೆ ಸಾಕಾಗುವಂಥ ಸಣ್ಣ ಮನೆ ಕಟ್ಟಿಸಬೇಕು. ಖರ್ಚು ಕಡಿಮೆ ಇರಬೇಕು, ಬೇಸಿಗೆಯಲ್ಲಿ ತಂಪಿರಬೇಕು, ಪರಿಸರಕ್ಕೂ ಹೊರೆ ಆಗಬಾರದು. ಕೆಲವರು ಕಂಟೇನರ್ ಮನೆ ಅಂತಾರೆ, ಕೆಲವರು ತಗಡಿನ ಮನೆ ಅಂತಾರೆ. ನನಗೆ ಒತ್ತಿದ ಮಣ್ಣಿಟ್ಟಂಗಿ ಇಷ್ಟ. ಆದರೆ ಮಣ್ಣಿನ ಗೋಡೆ ಮತ್ತೆ ಬಿದ್ದರೆ ಎಂಬ ಅಂಜಿಕೆ ಮನೆಯವರಿಗೆ. ಮಣ್ಣಿಟ್ಟಂಗಿ ತಾಳುತ್ತದೆಯೇ? ನಮ್ಮ ಹೊಲದ ಮಣ್ಣೇ ಬಳಸಬಹುದೇ?

ಉತ್ತರ:

ಕೊನೆಯ ಪ್ರಶ್ನೆಯಿಂದಲೇ ಶುರು ಮಾಡೋಣ. ಹೊಲದ ಎರೆ ಮಣ್ಣಿನಿಂದ ಇಟ್ಟಂಗಿ ಮಾಡಬೇಡಿ. ಅದರಲ್ಲಿ ಜೇಡಿಯ ಪಾಲು ಅರ್ಧದ ಆಸುಪಾಸು ಇರುತ್ತದೆ. ಆ ಜೇಡಿಯಲ್ಲಿ ಮಾಂಟ್‌ಮೊರಿಲೊನೈಟ್ ಎಂಬ ಖನಿಜವಿದ್ದು, ನೀರು ಕುಡಿದಾಗ ಊದುತ್ತದೆ, ಒಣಗಿದಾಗ ಕುಗ್ಗುತ್ತದೆ. ಚೈತ್ರ-ವೈಶಾಖದಲ್ಲಿ ಹೊಲದಲ್ಲಿ ಕೈ ಇಳಿಯುವಷ್ಟು ಬಿರುಕು ಬಿಡುವುದು ಇದರಿಂದಲೇ. ಅದೇ ಮಣ್ಣನ್ನು ಇಟ್ಟಂಗಿಯಾಗಿ ಒತ್ತಿದರೆ ನೆರಳಲ್ಲಿ ಒಣಗುವಾಗಲೇ ಸೀಳುತ್ತದೆ. ಒತ್ತಿದ ಇಟ್ಟಂಗಿಗೆ ಬೆರೆಸುವ ನೂರಕ್ಕೆ ಏಳೆಂಟು ಪಾಲು ಸಿಮೆಂಟ್ ಆ ಎಳೆತವನ್ನು ತಡೆಯಲಾರದು. ಇಟ್ಟಂಗಿಗೆ ಕೆಂಪು ಮಣ್ಣು ಬೇಕು, ಅದನ್ನು ಹೊರಗಿನಿಂದ ತರಿಸಬೇಕು.

ಆದರೆ ಇಟ್ಟಂಗಿಯ ಮಾತು ಆಮೇಲಿನದು. ನಿಮ್ಮ ಜಾಗದಲ್ಲಿ ಮನೆ ನಿಲ್ಲುವುದೂ ಸೀಳುವುದೂ ಗೋಡೆಯ ಮಣ್ಣಿನಿಂದಲ್ಲ, ಪಾಯದ ಕೆಳಗಿನ ಮಣ್ಣಿನಿಂದ ಮತ್ತು ಗೋಡೆಯ ಬುಡಕ್ಕೆ ಬರುವ ನೀರಿನಿಂದ. ಅಣ್ಣಿಗೇರಿ, ನವಲಗುಂದ, ನರಗುಂದ, ರೋಣದ ಬಯಲಿನಲ್ಲಿ ಯಾವ ಸಾಮಾನಿನಿಂದ ಕಟ್ಟಿದರೂ ಇದೇ ಮಾತು. ಸುಟ್ಟ ಇಟ್ಟಂಗಿ, ಸಿಮೆಂಟ್ ಬ್ಲಾಕ್, ಕಾಂಕ್ರೀಟ್ ಚೌಕಟ್ಟು ಎಲ್ಲವೂ ಈ ನೆಲದಲ್ಲಿ ಬಿರುಕು ಬಿಟ್ಟಿವೆ. ಆದ್ದರಿಂದ ವಿಸ್ತೀರ್ಣ ಕಡಿಮೆ ಮಾಡಿ, ಗೋಡೆಯಲ್ಲಿ ಉಳಿಸಿ, ಗಿಲಾವ್ (ಪ್ಲಾಸ್ಟರ್) ಮತ್ತು ಅಲಂಕಾರದಲ್ಲಿ ಉಳಿಸಿ. ಪಾಯ, ಜಗತಿ (ಪಾಯದ ಮೇಲೆ, ನೆಲದಿಂದ ಎತ್ತರಿಸಿದ ಕಟ್ಟೆ), ಚಾವಣಿಯಲ್ಲಿ ಮಾತ್ರ ಒಂದು ರೂಪಾಯಿಯನ್ನೂ ಉಳಿಸಲು ಹೋಗಬೇಡಿ. ಈ ಮೂರಕ್ಕೇ ಒಟ್ಟು ಖರ್ಚಿನ ಅರ್ಧ ಹೋದರೂ ಅದು ಸರಿಯಾದ ಲೆಕ್ಕ.

ಮನೆಯವರ ಅಂಜಿಕೆಗೆ ಕಾರಣವಿದೆ. 2019ರ ಆಗಸ್ಟ್‌ನಲ್ಲಿ ಮಲಪ್ರಭಾ ಉಕ್ಕಿ, ಮೇಲೆ ಮಳೆಯೂ ಹಿಡಿದು ಧಾರವಾಡ, ಗದಗ, ಹಾವೇರಿ ಮೂರೂ ಜಿಲ್ಲೆಗಳಲ್ಲಿ ಮಣ್ಣಿನ ಗೋಡೆಗಳು ಸಾಲುಸಾಲಾಗಿ ಕುಸಿದವು. ಅವು ಬಿದ್ದ ರೀತಿ ಬಹುತೇಕ ಒಂದೇ. ಹಸಿ ಮಣ್ಣಿನ ಗೋಡೆಯ ಬುಡ ವಾರಗಟ್ಟಲೆ ನೆನೆದು ಶಕ್ತಿ ಕಳೆದುಕೊಳ್ಳುತ್ತದೆ. ಅದೇ ಹೊತ್ತಿಗೆ ಮಾಳಿಗೆಯ ಮೇಲಿನ ದಪ್ಪ ಮಣ್ಣು ನೀರು ಕುಡಿದು ಭಾರವಾಗುತ್ತದೆ. ಬುಡ ಮೆತ್ತಗಾಯಿತು, ಮೇಲೆ ಹೊರೆ ಹೆಚ್ಚಿತು, ಗೋಡೆ ಹೊರಕ್ಕೆ ಬಾಗಿತು. ಕಂಬದ ಮೇಲೆ ತೊಲೆ-ಜಂತಿ ಕೂತಿದ್ದ ಮನೆಗಳಲ್ಲಿ ಗೋಡೆ ಬಿದ್ದರೂ ಮಾಳಿಗೆ ನಿಂತದ್ದನ್ನು ನೀವೂ ಕಂಡಿರಬಹುದು. ಸಿಮೆಂಟ್ ಬೆರೆಸಿ ಒತ್ತಿದ ಇಟ್ಟಂಗಿ ಹಸಿ ಮಣ್ಣಿನ ಹಾಗಲ್ಲ. ಸರಿಯಾಗಿ ಮಾಡಿ ಕ್ಯೂರಿಂಗ್ ಕೊಟ್ಟದ್ದು, ಅಂದರೆ ವಾರಗಟ್ಟಲೆ ನೀರು ಚಿಮುಕಿಸಿ ಹಸಿಯಾಗಿಟ್ಟದ್ದು, ಒಂದು ದಿನ ನೀರಿನಲ್ಲಿ ಮುಳುಗಿದ್ದರೂ ಕರಗುವುದಿಲ್ಲ. ಭಾರತೀಯ ಮಾನಕ ಐಎಸ್ 1725 ಇಂಥ ಇಟ್ಟಂಗಿಗೆಂದೇ ಇದೆ. ಅದರ ಪ್ರಕಾರ ಒಂದು ಅಂತಸ್ತಿಗೆ ಸಾಕಾಗುವ ವರ್ಗದ ಇಟ್ಟಂಗಿ ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು 35 ಕೆ.ಜಿ. ಒತ್ತಡ ತಾಳಬೇಕು. ನಿಮ್ಮ ಗೋಡೆಯ ಮೇಲೆ ಬೀಳುವ ಭಾರ ಅದರ ಹತ್ತರಲ್ಲಿ ಒಂದು ಪಾಲೂ ಆಗುವುದಿಲ್ಲ.

ಸಣ್ಣ ಮನೆ ಕಟ್ಟುವವರು ಸಾಮಾನ್ಯವಾಗಿ ಗಮನಿಸದ ಸಂಗತಿ ಇನ್ನೊಂದಿದೆ. "ಹಗುರ ಮನೆ, ಪಾಯ ಸಾದಾ ಇದ್ದರೂ ನಡೆದೀತು" ಎಂದು ಗೌಂಡಿ ಹೇಳಬಹುದು. ಎರೆ ನೆಲದಲ್ಲಿ ಇದು ತಲೆಕೆಳಗಾದ ಮಾತು. ಎರೆ ಮಣ್ಣು ಊದುವಾಗ ಮೇಲಕ್ಕೆ ಒತ್ತುವ ಬಲ ಪ್ರತಿ ಚದರ ಮೀಟರಿಗೆ 10 ಟನ್ ದಾಟುವುದು ಸಾಮಾನ್ಯ. ಒಂದು ಅಂತಸ್ತಿನ ಮನೆ ಎರಡಡಿ ಅಗಲದ ಪಾಯದ ಮೇಲೆ ಕೂತರೆ ಅದೇ ಚದರ ಮೀಟರಿಗೆ ಕೆಳಕ್ಕೆ ಒತ್ತುವುದು ಮೂರು-ನಾಲ್ಕು ಟನ್ ಅಷ್ಟೆ. ಅಂದರೆ ಮಣ್ಣು ಮನೆಯನ್ನು ಎತ್ತುತ್ತದೆ, ಅದೂ ಎಲ್ಲ ಕಡೆ ಒಂದೇ ಸಮ ಎತ್ತುವುದಿಲ್ಲ. ಹೊರಗೋಡೆಯ ಅಂಚಿನ ಮಣ್ಣು ಮಳೆಗೆ ನೆನೆದು ಏಳುತ್ತದೆ, ನಡುಮನೆಯ ಕೆಳಗಿನದು ಒಣಗಿಯೇ ಇರುತ್ತದೆ. ಬೇಸಿಗೆಯಲ್ಲಿ ಇದು ಅದಲುಬದಲು. ವರ್ಷಕ್ಕೊಮ್ಮೆ ಹೀಗೆ ಎತ್ತಿ ಇಳಿಸಿದರೆ ಕಿಟಕಿಯ ಮೂಲೆಯಿಂದ ಓರೆಯಾಗಿ ಬಿರುಕು ಏಳುತ್ತದೆ. ಆಷಾಢದಲ್ಲಿ ಚೌಕಟ್ಟಿಗೆ ಕಚ್ಚಿಕೊಂಡ ಬಾಗಿಲು ಸಂಕ್ರಾಂತಿ ಹೊತ್ತಿಗೆ ತಾನೇ ಸಡಿಲಾದರೆ, ಅದಕ್ಕೆ ಕಾರಣ ಕಟ್ಟಿಗೆಯೊಂದೇ ಅಲ್ಲ, ಪಾಯವೂ ಅಲುಗಿದೆ ಎಂದು ತಿಳಿಯಬೇಕು.

ಆದ್ದರಿಂದ ನಕ್ಷೆ ಬರೆಸುವ ಮೊದಲು ಜಾಗದ ಎದುರುಬದುರು ಮೂಲೆಗಳಲ್ಲಿ ಎರಡು ಗುಂಡಿ ತೋಡಿಸಿ. ಮೂರಡಿ ಚೌಕ, ಎಂಟಡಿ ಆಳ, ಜೆಸಿಬಿಗೆ ಒಂದು ಗಂಟೆಯ ಕೆಲಸ. ಐದಡಿಯಿಂದ ಕೆಳಗೆ ಯಾರನ್ನೂ ಇಳಿಸಬೇಡಿ, ಎರೆ ಮಣ್ಣಿನ ಬದಿ ಹೇಳದೆ ಕೇಳದೆ ಕುಸಿಯುತ್ತದೆ. ಮೇಲೆ ನಿಂತೇ ನೋಡಿ: ಕಪ್ಪು ಮಣ್ಣು ಎಲ್ಲಿಗೆ ಮುಗಿಯಿತು, ಗರಸು (ಊದದ ಗಟ್ಟಿ ಮೊರಂ ಮಣ್ಣು) ಎಲ್ಲಿ ಸಿಕ್ಕಿತು? ಮುಂದಿನ ದಾರಿ ಈ ಒಂದು ಅಳತೆಯ ಮೇಲೆ ನಿಂತಿದೆ.

ನಾಲ್ಕು-ಐದು ಅಡಿಯೊಳಗೆ ಗಟ್ಟಿ ಗರಸು ಸಿಕ್ಕರೆ ನಿಮ್ಮ ಅದೃಷ್ಟ. ಅಲ್ಲಿಯವರೆಗೆ ಅಗೆದು ಗರಸಿನ ಮೇಲೆ ಆರಿಂಚು ಕಾಂಕ್ರೀಟ್ ಹಾಸಿ, ಕಲ್ಲಿನ ಪಾಯ ಕಟ್ಟಿ. ಬಿದ್ದ ಮನೆಯ ಬುನಾದಿ ಕಲ್ಲುಗಳೇ ಇದಕ್ಕೆ ಬರುತ್ತವೆ, ಒಂದನ್ನೂ ಮಾರಬೇಡಿ. ಪಾಯದ ಎರಡೂ ಬದಿಯ ಸಂದಿಗೆ ಅಗೆದ ಕಪ್ಪು ಮಣ್ಣನ್ನೇ ಮರಳಿ ತುಂಬಬಾರದು. ಗರಸು ತುಂಬಿ ಬಡಿಯಬೇಕು.

ಗರಸು ಆರಡಿಗಿಂತ ಕೆಳಗಿದ್ದರೆ ಕಲ್ಲಿನ ಪಾಯದ ಆಸೆ ಬಿಡಿ. ಅಂಡರ್-ರೀಮ್ಡ್ ಪೈಲ್ ಹಾಕಿಸಿ. ನೆಲದಲ್ಲಿ ಕೊರೆದ ಗುಂಡಿಯ ತಳದಲ್ಲಿ ಗಡ್ಡೆಯಂತೆ ಅಗಲ ಮಾಡಿ, ಕಬ್ಬಿಣ ಇಳಿಸಿ ಕಾಂಕ್ರೀಟ್ ತುಂಬಿದ ಕಂಬ ಅದು. ನಮ್ಮ ದೇಶದ ಎರೆ ನೆಲಕ್ಕೆಂದು ಇದನ್ನು ರೂಢಿಗೆ ತಂದದ್ದು ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ. ಮಳೆ-ಬಿಸಿಲಿಗೆ ಮಣ್ಣು ಅಲುಗುವುದು ಮೇಲಿನ ಭಾಗದಲ್ಲಿ. ಮೂರೂವರೆ ಮೀಟರ್ ಕೆಳಗೆ ತೇವ ವರ್ಷವಿಡೀ ಹೆಚ್ಚುಕಡಿಮೆ ಒಂದೇ ಇರುತ್ತದೆ. ಗಡ್ಡೆ ಅಲ್ಲಿ ಕಚ್ಚಿಕೊಂಡರೆ ಮೇಲಿನ ಮಣ್ಣು ಎಷ್ಟೇ ಎತ್ತಿದರೂ ಕಂಬ ಮೇಲೇಳುವುದಿಲ್ಲ. 300 ಮಿ.ಮೀ. ವ್ಯಾಸ, 3.5 ಮೀಟರ್ ಆಳ, ಕಂಬದ ಎರಡೂವರೆ ಪಟ್ಟು ಅಗಲದ ಗಡ್ಡೆ ಇರುವ ಒಂದು ಪೈಲ್‌ಗೆ ಮಾನಕದಲ್ಲಿ ಕೊಟ್ಟಿರುವ ಸಾಮರ್ಥ್ಯ 12 ಟನ್. ನಿಮ್ಮ ಇಡೀ ಮನೆಯ ತೂಕ 75 ಟನ್ ಆಸುಪಾಸು ಆಗುತ್ತದೆ. ಮೂಲೆಗಳಲ್ಲಿ, ಗೋಡೆ ಕೂಡುವಲ್ಲಿ, ನಡುವೆ ಏಳು-ಎಂಟು ಅಡಿಗೊಂದರಂತೆ 16 ಪೈಲ್ ಹಾಕಿದರೆ ಒಂದೊಂದಕ್ಕೆ ಐದು ಟನ್ ಸಹ ಬೀಳುವುದಿಲ್ಲ.

ಪೈಲ್ ಅಂದರೆ ದೊಡ್ಡ ಕಟ್ಟಡದವರ ಖರ್ಚು ಎಂದು ಅನಿಸಬಹುದು. ಸಾಮಾನಿನ ಲೆಕ್ಕ ಹಾಕಿ ನೋಡಿ. ಇದೇ ಮನೆಗೆ ಐದಡಿ ಆಳದ ಕಲ್ಲಿನ ಪಾಯ, ಜಗತಿ ಸೇರಿ ಸುಮಾರು 35 ಘನ ಮೀಟರ್ ಕಲ್ಲುಕಟ್ಟು ತಿನ್ನುತ್ತದೆ. 16 ಪೈಲ್ ಮತ್ತು ಮೇಲಿನ ತೊಲೆ ಸೇರಿ ಎಂಟು ಘನ ಮೀಟರ್ ಕಾಂಕ್ರೀಟಿನಲ್ಲಿ ಮುಗಿಯುತ್ತದೆ. ಕೊರೆಯುವ ಯಂತ್ರ ಮತ್ತು ಗಡ್ಡೆ ಅಗಲಿಸುವ ಸಾಧನ ಇರುವವರು ಸಿಗಬೇಕು ಅಷ್ಟೆ, ಹುಬ್ಬಳ್ಳಿಯಲ್ಲಿ ವಿಚಾರಿಸಿ. ಕಬ್ಬಿಣದ ಅಳತೆಯನ್ನು ಸ್ಟ್ರಕ್ಚರಲ್ ಇಂಜಿನಿಯರ್ ಕೈಯಿಂದಲೇ ಬರೆಸಿಕೊಳ್ಳಿ.

ಪೈಲ್‌ಗಳ ತಲೆ ಜೋಡಿಸುವ ಕಾಂಕ್ರೀಟ್ ತೊಲೆಯಲ್ಲಿ ಒಂದು ಸೂಕ್ಷ್ಮವಿದೆ. ಇಲ್ಲಿ ತಪ್ಪಿದರೆ ಪೈಲ್ ಹಾಕಿಯೂ ವ್ಯರ್ಥ. ತೊಲೆ ನೆಲಕ್ಕೆ ತಾಗಿರಬಾರದು. ಅದರ ತಳಕ್ಕೂ ಎರೆ ಮಣ್ಣಿಗೂ ನಡುವೆ ಕನಿಷ್ಠ 80 ಮಿ.ಮೀ., ಅಂದರೆ ಮೂರಿಂಚಿಗೂ ಹೆಚ್ಚು ಖಾಲಿ ಇರಬೇಕು, ಮಣ್ಣು ಊದಿದರೆ ಆ ಖಾಲಿಯೊಳಗೆ ಊದಲಿ ಎಂದು. ಗೌಂಡಿಗಳು ರೂಢಿಯಂತೆ ನೆಲ ಸಮ ಮಾಡಿ, ಅದರ ಮೇಲೆಯೇ ತೊಲೆ ಸುರಿಯುತ್ತಾರೆ. ಮೊದಲ ಮಳೆಗಾಲದಲ್ಲೇ ಮಣ್ಣು ತೊಲೆಯನ್ನು ಕೆಳಗಿನಿಂದ ಎತ್ತಿ, ಎರಡು ಪೈಲ್‌ಗಳ ನಡುವೆ ಸೀಳಿಸುತ್ತದೆ. ಎದುರು ನಿಂತು ಮಾಡಿಸಬೇಕಾದ ಕೆಲಸ ಇದು: ಉಸುಕು ಹಾಸಿ ಅದರ ಮೇಲೆ ಹಲಗೆ ಇಟ್ಟು ತೊಲೆ ಸುರಿಸಿ, ಗಟ್ಟಿಯಾದ ಮೇಲೆ ಬದಿಯಿಂದ ಉಸುಕು ಕೆರೆದು ತೆಗೆಸಿ, ಹಲಗೆ ಎಳೆಸಿ. ಖಾಲಿಯ ಹೊರಬದಿಗೆ ಫರಸಿ ಕಲ್ಲಿನ ಪಟ್ಟಿ ಓರೆಯಾಗಿ ಆನಿಸಿದರೆ ಇಲಿ, ಹಾವು, ಮಣ್ಣು ಒಳಗೆ ಸೇರುವುದಿಲ್ಲ.

ಇನ್ನೊಂದು ಚಾಲ್ತಿಯ ತಪ್ಪು, ಪಾಯದ ಗುಂಡಿಗೆ ಬರೀ ಉಸುಕು ತುಂಬುವುದು. ಸುತ್ತ ನೀರು ಇಂಗದ ಎರೆ, ನಡುವೆ ಸಡಿಲ ಉಸುಕು. ಮಳೆ ನೀರೆಲ್ಲ ಅದರೊಳಗೆ ಬಂದು ನಿಂತು, ತಳದ ಎರೆಗೆ ತಿಂಗಳುಗಟ್ಟಲೆ ನೀರುಣಿಸುತ್ತದೆ. ತುಂಬುವುದಾದರೆ ಊದದ ಗರಸನ್ನೇ ತುಂಬಬೇಕು. ಐಐಟಿ ಬಾಂಬೆಯ ಪ್ರೊ. ಆರ್.ಕೆ. ಕಟ್ಟಿಯವರು ತೋರಿಸಿಕೊಟ್ಟ ಪದ್ಧತಿಯೂ ಇದೇ: ಅಂಟುಗುಣವಿದ್ದೂ ಊದದ ಮಣ್ಣಿನ ಸುಮಾರು ಒಂದು ಮೀಟರ್ ಪದರ ಎರೆಯ ಮೇಲೆ ಕೂತರೆ ಕೆಳಗಿನ ಊತ ಮೇಲಕ್ಕೆ ಬರುವುದು ಬಹಳ ಕಡಿಮೆಯಾಗುತ್ತದೆ. ನಿಮ್ಮ ಮನೆಯ ನೆಲಕ್ಕೆ ಇದನ್ನೇ ಮಾಡಿ. ಜಗತಿಯೊಳಗಿನ ಎರೆಯನ್ನು ಒಂದೂವರೆ ಅಡಿ ಅಗೆದು ಹೊರಹಾಕಿ, ಅಲ್ಲಿಂದ ಜಗತಿಯ ಎರಡಡಿ ಎತ್ತರದವರೆಗೆ ಆರಾರು ಇಂಚಿನ ಪದರವಾಗಿ ಗರಸು ಹಾಕಿ, ನೀರು ಚಿಮುಕಿಸಿ, ದಮ್ಮಸು ಮಾಡಿಸಿ. ಪೈಲ್ ಹಾಕಿದ ಮನೆಗಳಲ್ಲಿ ಗೋಡೆ ನೆಟ್ಟಗಿದ್ದು ಟೈಲ್ಸ್ ಮಾತ್ರ ಉಬ್ಬುವುದುಂಟು. ನೆಲದ ಭರ್ತಿಯನ್ನು ಅಲಕ್ಷಿಸಿದ್ದೇ ಅದಕ್ಕೆ ಕಾರಣ. ನೆಲಕ್ಕೆ ಶಹಾಬಾದ ಫರಸಿ ಸಾಕು. ಕಾಲಿಗೆ ತಂಪು, ಒಂದು ಕಲ್ಲು ಅಲುಗಿದರೆ ಅದೊಂದನ್ನೇ ಎತ್ತಿ ಕೂರಿಸಬಹುದು.

ಈಗ ನಕ್ಷೆ. ಹೊರ ಅಳತೆ 20 ಅಡಿಗೆ 22½ ಅಡಿ ಇಟ್ಟುಕೊಳ್ಳಿ. ಮುಂದೆ 18½×10 ಅಡಿ ಪಡಸಾಲೆ, ಹಿಂದೆ 10×10 ಅಡಿ ಕೋಣೆ, ಪಕ್ಕದಲ್ಲಿ ಸುಮಾರು 7¾×10 ಅಡಿ ಅಡುಗೆಮನೆ. ಆಕಾರ ನೇರ ಆಯತವಾಗಿರಲಿ, ಒಂದು ಮೂಲೆ ಹೊರಕ್ಕೆ ಒಂದು ಒಳಕ್ಕೆ ಎಂದು ಮಾಡಿಸಬೇಡಿ. ಅಲುಗುವ ನೆಲದಲ್ಲಿ ಒಳಮೂಲೆಯೇ ಮೊದಲು ಸೀಳುವುದು. ಬಚ್ಚಲು, ಪಾಯಖಾನೆಯನ್ನು ಮನೆಯ ಗೋಡೆಗೆ ಅಂಟಿಸದೆ ಐದಡಿ ಬಿಟ್ಟು ಹಿತ್ತಿಲ ಕಡೆ ಕಟ್ಟಿ, ನಡುವೆ ತಗಡಿನ ಮಾಡು ಹಾಕಿ. ವಯಸ್ಸಾದವರು ರಾತ್ರಿ ನೆನೆಯದೆ ಹೋಗಿ ಬರಲಿ, ಮೆಟ್ಟಿಲು ಬೇಡ, ಎರಡೂ ನೆಲ ಒಂದೇ ಮಟ್ಟದಲ್ಲಿರಲಿ, ಕೈ ಹಿಡಿಯಲು ಪೈಪು ಇರಲಿ. ದಿನವೂ ನೀರು ಚೆಲ್ಲುವ ಜಾಗ ಮನೆಯ ಪಾಯದಿಂದ ದೂರ ಇದ್ದಷ್ಟೂ ಒಳ್ಳೆಯದು.

ಇಟ್ಟಂಗಿಗೆ ಬರೋಣ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ 'ಅಸ್ತ್ರ' ಕೇಂದ್ರ ಈ ವಿದ್ಯೆಯನ್ನು ನಮ್ಮ ರಾಜ್ಯದ ಮಣ್ಣಿಗೆ ಒಗ್ಗಿಸಿತು. ಇಟ್ಟಂಗಿ ಒತ್ತುವ ಅವರ 'ಮರ್ದಿನಿ' ಕೈಯಂತ್ರ ಇಂದಿಗೂ ಬಳಕೆಯಲ್ಲಿದೆ. ಇಟ್ಟಂಗಿಯ ಅಳತೆ 230×190×100 ಮಿ.ಮೀ., ಅಂದರೆ 9×7½×4 ಇಂಚು, ಒಣತೂಕ ಎಂಟು ಕೆ.ಜಿ. ಒಂಬತ್ತಿಂಚು ದಪ್ಪದ ಗೋಡೆಗೆ ಪ್ರತಿ ಚದರ ಅಡಿಗೆ ನಾಲ್ಕರ ಮೇಲೆ ಸ್ವಲ್ಪ ಬೇಕು. ನಿಮ್ಮ ಮನೆಯ ಗೋಡೆ ಹತ್ತಡಿ ಎತ್ತರ, ಬಾಗಿಲು-ಕಿಟಕಿ ಕಳೆದು ಸುಮಾರು 960 ಚದರ ಅಡಿ. ಒಡೆಯುವುದನ್ನೂ ಸೇರಿಸಿ 4,200 ಇಟ್ಟಂಗಿ ಹಿಡಿಯಿರಿ. ಅದಕ್ಕೆ ಸಡಿಲ ಮಣ್ಣು-ಉಸುಕು ಕೂಡಿ ಸುಮಾರು 900 ಘನ ಅಡಿ, ಅಂದರೆ ಒಂಬತ್ತು ಬ್ರಾಸ್, ಜೊತೆಗೆ 44-45 ಚೀಲ ಸಿಮೆಂಟ್. ಈ ಇಟ್ಟಂಗಿಗೆ ಭಟ್ಟಿಯಿಲ್ಲ, ಕಟ್ಟಿಗೆ-ಕಲ್ಲಿದ್ದಲು ಸುಡುವುದಿಲ್ಲ. ಪರಿಸರದ ಲಾಭ ಇರುವುದು ಅಲ್ಲಿಯೇ.

ಮಣ್ಣು ಎಲ್ಲಿಂದ? ಶಿರಹಟ್ಟಿ, ಮುಂಡರಗಿ ಕಡೆಯ ಕೆಂಪು ಹೊಲಗಳು, ಇತ್ತ ಧಾರವಾಡ-ಕಲಘಟಗಿ ಕಡೆಯವು ಹೊಂದುತ್ತವೆ. ಕಪ್ಪತಗುಡ್ಡದ ಮಣ್ಣನ್ನು ಯಾರಾದರೂ ಅಗ್ಗಕ್ಕೆ ತಂದುಕೊಡುತ್ತೇನೆ ಎಂದರೆ ಒಪ್ಪಬೇಡಿ. ಅದು 2019ರಿಂದ ವನ್ಯಜೀವಿಧಾಮ, ಅಲ್ಲಿಂದ ಒಂದು ಬುಟ್ಟಿ ಮಣ್ಣೂ ಬರಬಾರದು. ಖಾಸಗಿ ಹೊಲದಿಂದ ತೆಗೆಯುವುದಾದರೂ ಬೆಳೆ ಬೆಳೆಯುವ ಮೇಲಿನ ಒಂದಡಿ ಬೇಡ. ಅದರಲ್ಲಿ ಬೇರು, ಗೊಬ್ಬರ ಇದ್ದು ಇಟ್ಟಂಗಿ ಸೊರಗುತ್ತದೆ, ಹೊಲವೂ ಹಾಳಾಗುತ್ತದೆ. ಬಾವಿ, ಕೃಷಿಹೊಂಡ ತೋಡಿದಾಗ ಬಂದ ಕೆಳಮಣ್ಣೇ ಒಳ್ಳೆಯದು. ಹಳೆಯ ಮಾಳಿಗೆ ಮೇಲಿನ ಮಣ್ಣನ್ನು ಇದಕ್ಕೆ ಬೆರೆಸಬೇಡಿ. ನೀರು ತಡೆಯಲೆಂದು ಹಾಕಿದ ಸವಳು ಮಣ್ಣಾಗಿದ್ದರೆ ಅದರ ಉಪ್ಪು ಗೋಡೆಯಲ್ಲಿ ಬಿಳಿಯಾಗಿ ಹೊರಬಂದು ಮೈ ಉದುರಿಸುತ್ತದೆ.

ಟ್ರ್ಯಾಕ್ಟರ್ ಕಳಿಸುವ ಮುನ್ನ ಮಣ್ಣು ಪರೀಕ್ಷಿಸಿ. ಅಗಲ ಬಾಯಿಯ ಗಾಜಿನ ಬಾಟಲಿಯ ಮೂರನೇ ಒಂದು ಪಾಲು ಮಣ್ಣು, ಉಳಿದದ್ದು ನೀರು, ಒಂದು ಚಿಟಿಕೆ ಉಪ್ಪು ಹಾಕಿ ಚೆನ್ನಾಗಿ ಅಲುಗಿಸಿ ಇಡಿ. ಉಸುಕು ನಿಮಿಷದೊಳಗೆ ತಳ ಸೇರುತ್ತದೆ, ಅದರ ಮೇಲೆ ನುಣುಪು ರೇವೆ, ಕೊನೆಗೆ ಜೇಡಿ. ನೀರು ತಿಳಿಯಾಗಲು ಒಂದು ದಿನ ಬೇಕು. ಒಟ್ಟು ಎತ್ತರದಲ್ಲಿ ಉಸುಕು ಮೂರರಲ್ಲಿ ಎರಡು ಪಾಲು, ಜೇಡಿ ನೂರಕ್ಕೆ 10ರಿಂದ 15 ಇದ್ದರೆ ಹೇಳಿ ಮಾಡಿಸಿದ ಮಣ್ಣು. ಜೇಡಿ ಹೆಚ್ಚು ಕಂಡರೆ ಎರಡು ಬುಟ್ಟಿ ಮಣ್ಣಿಗೆ ಒಂದು ಬುಟ್ಟಿ ಉಸುಕು ಅಥವಾ ಕ್ರಷರ್ ಪುಡಿ ಬೆರೆಸಿ ಮತ್ತೆ ನೋಡಿ. ಇನ್ನೊಂದು ಪರೀಕ್ಷೆ: ಎರಡಡಿ ಉದ್ದ, ಒಂದೂವರೆ ಇಂಚು ಅಗಲ-ಆಳದ ಕಟ್ಟಿಗೆಯ ಪೆಟ್ಟಿಗೆಯ ಒಳಗೆ ಎಣ್ಣೆ ಸವರಿ, ಹದವಾಗಿ ಕಲಸಿದ ಮಣ್ಣು ತುಂಬಿ ನಾಲ್ಕೈದು ದಿನ ಒಣಗಿಸಿ, ಒಂದು ತುದಿಗೆ ಸರಿಸಿ. ಇನ್ನೊಂದು ತುದಿಯಲ್ಲಿ ಒಂದಿಂಚಿಗಿಂತ ಹೆಚ್ಚು ಖಾಲಿ ಬಿದ್ದರೆ ಉಸುಕು ಇನ್ನೂ ಬೇಕು.

ಒತ್ತುವ ಕೆಲಸದಲ್ಲಿ ಹದವೇ ಮುಖ್ಯ. ಮಣ್ಣನ್ನು 5-6 ಮಿ.ಮೀ. ಕಣ್ಣಿನ ಜಾಲರಿಯಲ್ಲಿ ಸೋಸಿ. ಅರ್ಧ ಚೀಲ ಸಿಮೆಂಟಿಗೆ ಹತ್ತು ಘನ ಅಡಿ ಮಣ್ಣು; ಇದಕ್ಕಿಂತ ದೊಡ್ಡ ರಾಶಿ ಒಮ್ಮೆಗೆ ಕಲಸಬೇಡಿ. ಮೊದಲು ಒಣದಾಗಿಯೇ ಬಣ್ಣ ಒಂದಾಗುವಂತೆ ಮಗುಚಿ, ಆಮೇಲೆ ಚಿಮುಕಿಸಿದ ನೀರು. ಒಂದು ಮುಷ್ಟಿ ಹಿಡಿದು ಉಂಡೆ ಕಟ್ಟಿ, ಎದೆಮಟ್ಟದಿಂದ ಗಟ್ಟಿ ನೆಲಕ್ಕೆ ಬಿಡಿ. ಉಂಡೆಯೇ ಆಗದಿದ್ದರೆ ಅಥವಾ ಬಿದ್ದು ಪುಡಿಯಾದರೆ ನೀರು ಕಡಿಮೆ. ಚಪ್ಪಟೆಯಾಗಿ ಹಾಗೇ ಕೂತರೆ ನೀರು ಹೆಚ್ಚು. ನಾಲ್ಕೈದು ತುಂಡಾದರೆ ಹದ ಬಂತು. ಈ ರಾಶಿಯಿಂದ 45ರ ಸುಮಾರು ಇಟ್ಟಂಗಿ ಬರುತ್ತವೆ. ಗಂಟೆಯೊಳಗೆ ಒತ್ತಿ ಮುಗಿಸಬೇಕು, ತಡವಾದರೆ ಸಿಮೆಂಟ್ ರಾಶಿಯಲ್ಲೇ ಬಿಗಿಯುತ್ತದೆ. ಪ್ರತಿ ಅಚ್ಚಿಗೂ ಮಣ್ಣನ್ನು ತೂಗಿ ಹಾಕಿಸಿ. ಕಣ್ಣಂದಾಜಿನಲ್ಲಿ ಸುರಿದರೆ ಒಂದು ಇಟ್ಟಂಗಿ ಗಟ್ಟಿ, ಇನ್ನೊಂದು ಪೊಳ್ಳು.

ಒಳ್ಳೆಯ ಇಟ್ಟಂಗಿ ಹಾಳಾಗುವುದು ಮುಂದಿನ ಮೂರು ವಾರದಲ್ಲಿ. ಒತ್ತಿದ ದಿನ ನೆರಳಲ್ಲಿ ಜೋಡಿಸಿ, ಮರುದಿನದಿಂದ ಹುಲ್ಲು ಅಥವಾ ಗೋಣಿತಟ್ಟು ಹೊದಿಸಿ, ದಿನಕ್ಕೆ ಎರಡು-ಮೂರು ಸಲ ನೀರು ಚಿಮುಕಿಸುತ್ತ 21 ದಿನ ಇಡಬೇಕು, 28 ಆದರೆ ಇನ್ನೂ ಒಳ್ಳೆಯದು. "ಮಣ್ಣಿನದಲ್ಲವೇ, ಒಣಗಿದರೆ ಸಾಕು" ಎಂದು ವಾರಕ್ಕೇ ಬಿಸಿಲಿಗೆ ಬಿಟ್ಟರೆ ಸಿಮೆಂಟ್ ಅರ್ಧ ಕೆಲಸವನ್ನೂ ಮಾಡಿರುವುದಿಲ್ಲ. ಆಮೇಲೆ ರಾಶಿಯ ಬೇರೆಬೇರೆ ಕಡೆಯಿಂದ ಐದಾರು ಇಟ್ಟಂಗಿ ಆರಿಸಿ, ಇಪ್ಪತ್ನಾಲ್ಕು ಗಂಟೆ ನೀರಲ್ಲಿ ಮುಳುಗಿಸಿ. ಅಂಚು ಉಗುರಿಗೆ ಕೆರೆದು ಬರಬಾರದು. ಹುಬ್ಬಳ್ಳಿ-ಧಾರವಾಡದ ಇಂಜಿನಿಯರಿಂಗ್ ಕಾಲೇಜುಗಳ ಸಿವಿಲ್ ಪ್ರಯೋಗಾಲಯದಲ್ಲಿ ಒತ್ತಡ ಪರೀಕ್ಷೆ ಮಾಡಿಸಿಕೊಳ್ಳಿ, ಆ ಕಾಗದ ಇದ್ದರೆ ಮನೆಯವರ ಅನುಮಾನವೂ ಹೋದೀತು. ಯಂತ್ರ ಬಾಡಿಗೆಗೆ, ಕೆಲಸ ಬಲ್ಲವರಿಗೆ ಜಿಲ್ಲೆಯ ನಿರ್ಮಿತಿ ಕೇಂದ್ರದಲ್ಲಿ ಮೊದಲು ವಿಚಾರಿಸಿ. ಕೈಯಂತ್ರದಲ್ಲಿ ಏಳೆಂಟು ಆಳಿನ ತಂಡ ದಿನಕ್ಕೆ 300-400 ಒತ್ತಬಲ್ಲದು, ಎರಡು ವಾರದ ಕೆಲಸ.

ಒಂದು ಮಾತು ನೇರವಾಗಿ ಹೇಳಬೇಕು. ಕೆಂಪು ಮಣ್ಣನ್ನು 50 ಕಿ.ಮೀ. ಆಚೆಯಿಂದ ತರಬೇಕಾದರೆ ಸಾಗಣೆ ಖರ್ಚು, ಡೀಸೆಲ್ ಎರಡೂ ಸೇರಿ ಮಣ್ಣಿಟ್ಟಂಗಿಯ ಲಾಭ ಕರಗುತ್ತದೆ. ಆಗ ಹತ್ತಿರ ಸಿಗುವ ಸುಟ್ಟ ಇಟ್ಟಂಗಿಯನ್ನೇ ವಾಸ್ತುಶಿಲ್ಪಿ ಲಾರಿ ಬೇಕರ್ ಅವರು ಕೇರಳದಲ್ಲಿ ಹಬ್ಬಿಸಿದ ರ‍್ಯಾಟ್-ಟ್ರ್ಯಾಪ್ ಕಟ್ಟಿನಲ್ಲಿ, ಅಂದರೆ ಇಟ್ಟಂಗಿ ನಿಲ್ಲಿಸಿ ನಡುವೆ ಪೊಳ್ಳು ಬಿಟ್ಟು ಕಟ್ಟಿಸಿ. ಇಟ್ಟಂಗಿ ಕಾಲುಭಾಗ ಉಳಿಯುತ್ತದೆ, ಪೊಳ್ಳಿನ ಗಾಳಿ ಬಿಸಿಲನ್ನೂ ತಡೆಯುತ್ತದೆ. ಅದಕ್ಕೆ ಅಂಚು ನೆಟ್ಟಗಿರುವ, ಒಂದೇ ಅಳತೆಯ ಇಟ್ಟಂಗಿ ಬೇಕು. ಸೊಟ್ಟ ಇಟ್ಟಂಗಿಯಲ್ಲಿ ಪೊಳ್ಳು ಗಾರೆಯಿಂದ ತುಂಬಿಹೋಗಿ ಉಳಿಸಿದ್ದು ಅಲ್ಲಿಗೇ ಹೋಗುತ್ತದೆ.

ಗೋಡೆ ಕಟ್ಟುವಾಗ ಜಗತಿಯ ಮೇಲಿನ ಮೊದಲ ಎರಡು-ಮೂರು ಸಾಲು ಕಲ್ಲು ಅಥವಾ ಸುಟ್ಟ ಇಟ್ಟಂಗಿ ಇರಲಿ. ಸೂರಿನ ನೀರು ನೆಲಕ್ಕೆ ಬಿದ್ದು ಸಿಡಿಯುವುದು ಅಲ್ಲಿಗೆ. ಗಾರೆ ಒಂದು ಪಾಲು ಸಿಮೆಂಟ್, ಎರಡು ಪಾಲು ಸೋಸಿದ ಕೆಂಪು ಮಣ್ಣು, ಆರು ಪಾಲು ಉಸುಕು. ಬರೀ ಸಿಮೆಂಟ್-ಉಸುಕಿನ ಬಿರುಸು ಗಾರೆ ಇಟ್ಟಂಗಿಗಿಂತ ಗಟ್ಟಿಯಾಗಿ, ಸ್ವಲ್ಪ ಅಲುಗಿದರೂ ಇಟ್ಟಂಗಿಯೇ ಒಡೆಯುತ್ತದೆ. ಗಾರೆ ಮೆತ್ತಗಿದ್ದರೆ ಸಂದಿಯಲ್ಲೇ ಕೂದಲೆಳೆ ಬಿಟ್ಟು ನಿಲ್ಲುತ್ತದೆ, ತುಂಬುವುದು ಸುಲಭ. ಕಿಟಕಿ-ಬಾಗಿಲು ಮೂಲೆಯಿಂದ ಎರಡಡಿ ದೂರ ಇರಲಿ. ಲಿಂಟಲ್ ಬರೀ ಕಿಟಕಿ ಮೇಲಲ್ಲ, ಎಲ್ಲ ಗೋಡೆಯ ಸುತ್ತ ಮುರಿಯದ ಪಟ್ಟಿಯಾಗಿ ಓಡಲಿ, ಮೂಲೆಯಲ್ಲಿ ಕಬ್ಬಿಣ ಬಾಗಿ ಮುಂದಿನ ಗೋಡೆಗೆ ಹಾಯಲಿ. ಹೊರಗೆ ಗಿಲಾವ್ ಬೇಡ, ಸಂದಿ ಕೆರೆದು ಗಾರೆ ತುಂಬುವ ಪಾಯಿಂಟಿಂಗ್ ಮಾಡಿಸಿದರೆ ಸಾಕು. ಮುಂಗಾರು ಹೊಡೆಯುವ ಪಡುವಣ ಗೋಡೆಗೆ ಮಾತ್ರ ಸುಣ್ಣ ಬೆರೆಸಿದ ತೆಳು ಗಿಲಾವ್ ಕೊಡಿ.

ಚಾವಣಿಗೆ ಫಿಲ್ಲರ್ ಸ್ಲ್ಯಾಬ್, ಅಂದರೆ ನಡುನಡುವೆ ಹೆಂಚು ಹುದುಗಿಸಿದ ಕಾಂಕ್ರೀಟ್ ಚಾವಣಿ, ಸೂಕ್ತ. ಮಂಗಳೂರು ಹೆಂಚು ತಂಪು, ಹಗುರ, ಆದರೆ ಮಂಗಗಳ ಕಾಟವಿದ್ದರೆ ವರ್ಷಕ್ಕೊಮ್ಮೆ ಹೆಂಚು ಬದಲಿಸುವ ಕೆಲಸ ಮುದುಕರಿಗೆ ಆಗದು. ತಗಡು ಅಗ್ಗ, ಆದರೆ ನಮ್ಮ ಏಪ್ರಿಲ್-ಮೇ ಬಿಸಿಲಿಗೆ ಅದರ ಕೆಳಗೆ ಮಧ್ಯಾಹ್ನ ಕೂರಲಾಗದು. ಕಂಟೇನರಿಗೂ ಅದೇ ಕಷ್ಟ. ಇಪ್ಪತ್ತಡಿಯ ಒಂದು ಪೆಟ್ಟಿಗೆ 160 ಚದರ ಅಡಿ, ಎಂಟಡಿಗಿಂತ ಅಗಲದ ಕೋಣೆ ಸಿಗದು, ಎರಡು-ಮೂರು ಕೊಂಡು, ಒಳಗೆ ಶಾಖ ತಡೆಯುವ ಹೊದಿಕೆ ಹಾಕಿ, ಕ್ರೇನ್‌ನಲ್ಲಿ ಇಳಿಸಿ, ಕೊನೆಗೆ ಅದಕ್ಕೂ ಪಾಯ ಬೇಕೇ ಬೇಕು. ನಿಮಗೆ ಅದು ಬೇಡ.

ಸ್ಲ್ಯಾಬಿನ ತಳಭಾಗದ ಕಾಂಕ್ರೀಟ್ ಭಾರ ಹೊರುವುದಿಲ್ಲ, ಕಬ್ಬಿಣವನ್ನು ಹಿಡಿದಿರುತ್ತದೆ ಅಷ್ಟೆ. ಆ ಜಾಗದಲ್ಲಿ ಮಂಗಳೂರು ಹೆಂಚು ಒಂದರ ಮೇಲೊಂದು ಎರಡೆರಡು ಇಟ್ಟರೆ ಕಾಂಕ್ರೀಟ್ ಉಳಿಯುತ್ತದೆ, ನಡುವಿನ ಗಾಳಿ ಬಿಸಿಲು ತಡೆಯುತ್ತದೆ. ಹಳೆಯ, ಒಡೆಯದ ಹೆಂಚು ನಡೆಯುತ್ತದೆ. ಹೆಂಚುಗಳ ನಡುವೆ ನಾಲ್ಕಿಂಚು ಪಟ್ಟಿ ಬಿಟ್ಟು ಅದರಲ್ಲಿ ಸರಳು ಹಾಯಿಸಿ. ಸುರಿಯುವ ಮುನ್ನ ಹೆಂಚನ್ನು ನೀರಲ್ಲಿ ನೆನೆಸಲೇಬೇಕು, ಇಲ್ಲದಿದ್ದರೆ ಕಾಂಕ್ರೀಟಿನ ನೀರನ್ನು ಅದೇ ಕುಡಿದು ಸುತ್ತ ಬಿರುಕು ಬಿಡುತ್ತದೆ. ಗೋಡೆಯ ಮೇಲೆ ಮತ್ತು ಹೊರಚಾಚಿನ ಭಾಗದಲ್ಲಿ ಹೆಂಚು ಇಡಬಾರದು. ನಾಲ್ಕೂ ಬದಿ ಎರಡಡಿ ಹೊರಚಾಚು ಬಿಟ್ಟರೆ ಚಾವಣಿ 24×26½ ಅಡಿ ಆಗುತ್ತದೆ. ಐದೂವರೆ-ಆರು ಘನ ಮೀಟರ್ ಕಾಂಕ್ರೀಟ್, ನಾಲ್ಕು ಕ್ವಿಂಟಲ್ ಆಸುಪಾಸು ಸರಳು ಹಿಡಿಯುತ್ತದೆ. ಮೇಲೆ ಪ್ರತಿ ಬೇಸಿಗೆಗೆ ಬಿಳಿ ಸುಣ್ಣ ಬಳಿಯಿರಿ. ಇಷ್ಟು ಕಡಿಮೆ ಖರ್ಚಿನಲ್ಲಿ ಮನೆ ತಂಪಾಗಿಸುವ ಉಪಾಯ ಇನ್ನೊಂದಿಲ್ಲ.

ಇದೇ ಚಾವಣಿ 59 ಚದರ ಮೀಟರ್. ವರ್ಷಕ್ಕೆ 600 ಮಿ.ಮೀ. ಮಳೆ ಎಂದು ಹಿಡಿದು, ಐದರಲ್ಲಿ ನಾಲ್ಕು ಪಾಲು ಕೈಗೆ ಸಿಕ್ಕರೂ 28,000 ಲೀಟರ್ ನೀರು. ನೆಲದ ಮೇಲೆ 5,000 ಲೀಟರಿನ ಟ್ಯಾಂಕು ಇಟ್ಟು, ಮೊದಲ ಮಳೆಯ ಕೊಳೆನೀರು ಬೇರೆ ಹರಿಯುವ ಕವಾಟ ಹಾಕಿಸಿದರೆ ಇಬ್ಬರ ಕುಡಿಯುವ, ಅಡುಗೆಯ ನೀರು ಬಹುಪಾಲು ಅಲ್ಲೇ ನಡೆಯುತ್ತದೆ. ಎರೆ ನೆಲದೊಳಗೆ ಸಂಪ್ ಕಟ್ಟಿಸಬೇಡಿ. ಸೀಳಿದ ಸಂಪ್ ಪಾಯಕ್ಕೆ ಗುಟ್ಟಾಗಿ ನೀರುಣಿಸುತ್ತದೆ. ಟ್ಯಾಂಕು ತುಂಬಿ ಹೊರಬಂದ ನೀರು ಪೈಪಿನಲ್ಲಿ ಚರಂಡಿ ಸೇರಲಿ. ಪಾಯಖಾನೆ ಗುಂಡಿ ಮನೆಯ ಪಾಯದಿಂದ ಜಾಗ ಇದ್ದಷ್ಟೂ ದೂರ ಇರಲಿ, ಸುತ್ತ ಒಂದಡಿ ಖಡಿ ತುಂಬಿ. ಎರೆಯಲ್ಲಿ ನೀರು ಬೇಗ ಇಂಗುವುದಿಲ್ಲ. ಬಚ್ಚಲ ನೀರು ಅದಕ್ಕೆ ಬಿಡದೆ ಬೇರೆ ಒಯ್ಯಿರಿ. ಮನೆಯಿಂದ ಹೊರಡುವ ಪೈಪು ಗೋಡೆಯಲ್ಲಿ ಬಿಗಿಯಾಗಿ ಕೂತಿರಬಾರದು, ಎರಡಿಂಚು ದೊಡ್ಡ ತೂತಿನೊಳಗೆ ಹಾದು ರಬ್ಬರ್ ಜೋಡಣೆಯಿಂದ ಮುಂದುವರಿಯಲಿ. ನೆಲ ಅಲುಗಿದಾಗ ಮೊದಲು ಮುರಿಯುವುದು ಈ ಪೈಪೇ.

ಮನೆಯ ಸುತ್ತ ನಾಲ್ಕಡಿ ಅಗಲದ ಕಟ್ಟೆಹಾಸು ಬೇಕು: ಗರಸಿನ ಮೇಲೆ ಮೂರಿಂಚು ಕಾಂಕ್ರೀಟ್ ಅಥವಾ ಫರಸಿ, ಹೊರಕ್ಕೆ ಒಂದೂವರೆ-ಎರಡಿಂಚು ಇಳಿಜಾರು. ಗೋಡೆಯ ಅಂಚಿನ ಮಣ್ಣು ಮಳೆಗೆ ನೆನೆಯದೆ, ಬಿಸಿಲಿಗೆ ಒಣಗದೆ ಒಂದೇ ಹದದಲ್ಲಿ ಉಳಿಯುವುದು ಇದರಿಂದ. ಹಾಸನ್ನು ಗೋಡೆಗೆ ಕಟ್ಟಿಬಿಡಬೇಡಿ, ನಡುವೆ ಅರ್ಧ ಇಂಚು ಸಂದಿ ಬಿಟ್ಟು ಡಾಂಬರು ತುಂಬಿ. ಬೇವು, ಆಲ, ಹುಣಸೆ ಅಂಗಳದಲ್ಲಿ ಬೇಡ. ಬೇರು ಬೇಸಿಗೆಯಲ್ಲಿ ಪಾಯದಡಿಯ ತೇವ ಹೀರಿ ಆ ಮೂಲೆಯನ್ನು ಕುಸಿಸುತ್ತದೆ. ಮರ ಎಷ್ಟು ಎತ್ತರ ಬೆಳೆಯುತ್ತದೋ ಅಷ್ಟು ದೂರ ಇರಬೇಕು.

ಸರ್ಕಾರಿ ವಸತಿ ಯೋಜನೆಗೆ ಅರ್ಜಿ ಹಾಕುವ ಯೋಚನೆ ಇದ್ದರೆ ಕಾಮಗಾರಿ ಆದೇಶ ಕೈಸೇರುವ ಮೊದಲು ಪಾಯ ತೋಡಬೇಡಿ. ಹಂತಹಂತದ ಫೋಟೊ ಆಧರಿಸಿಯೇ ಹಣ ಬರುವುದು. ಪ್ರಧಾನಮಂತ್ರಿ ಆವಾಸ್ ಗ್ರಾಮೀಣದಲ್ಲಿ ಕನಿಷ್ಠ ಅಳತೆ 25 ಚದರ ಮೀಟರ್, ಬಯಲುಸೀಮೆಗೆ ನೆರವು 1.2 ಲಕ್ಷ ರೂಪಾಯಿ. ನಿಮ್ಮ ಮನೆ ಅಳತೆಯಲ್ಲಿ ಹೊಂದುತ್ತದೆ.

ಕೆಲಸದ ಸಮಯ ಹೀಗೆ ಹೊಂದಿಸಿ. ಹಿಂಗಾರು ಬಿತ್ತನೆ ಮುಗಿದ ಮೇಲೆ, ನವೆಂಬರ್ ಕೊನೆಗೆ ಗುಂಡಿ ತೋಡಿ ಮಣ್ಣು ನೋಡುವುದು. ಡಿಸೆಂಬರ್‌ನಲ್ಲಿ ಇಟ್ಟಂಗಿ ಒತ್ತುವುದು, ಆಗ ಕ್ಯೂರಿಂಗ್‌ಗೆ ನೀರೂ ಇರುತ್ತದೆ, ಬಿಸಿಲೂ ಹಿತ. ಜನವರಿಯಲ್ಲಿ ಪಾಯ-ಜಗತಿ, ಫೆಬ್ರವರಿ-ಮಾರ್ಚ್‌ನಲ್ಲಿ ಗೋಡೆ, ಏಪ್ರಿಲ್‌ನಲ್ಲಿ ಚಾವಣಿ. ಕಟ್ಟೆಹಾಸು ಮತ್ತು ಚಾವಣಿಯ ಮಳೆನೀರು ಒಯ್ಯುವ ದೋಣಿ ಮೇ ಕೊನೆಯೊಳಗೆ ಮುಗಿಯಲೇಬೇಕು, ಬಣ್ಣ-ಬಾಗಿಲು ಉಳಿದರೂ ಅಡ್ಡಿಯಿಲ್ಲ. ಮೊದಲ ಎರಡು ವರ್ಷ ಮೇ ಕೊನೆಗೊಮ್ಮೆ, ಅಕ್ಟೋಬರ್ ಕೊನೆಗೊಮ್ಮೆ ಕಟ್ಟೆಹಾಸಿನ ಸಂದಿ ಸುತ್ತ ನೋಡಿ ಬನ್ನಿ. ಡಾಂಬರು ಬಿಟ್ಟುಕೊಂಡಿದ್ದರೆ ಆ ವಾರವೇ ತುಂಬಿಸಿ. ಗೋಡೆಯಲ್ಲಿ ಕೂದಲೆಳೆ ಕಂಡರೆ ಎರಡೂ ತುದಿಗೆ ಪೆನ್ಸಿಲ್ ಗೆರೆ ಎಳೆದು ತಾರೀಖು ಬರೆದಿಡಿ. ಆರು ತಿಂಗಳಲ್ಲಿ ಗೆರೆ ದಾಟದಿದ್ದರೆ ಗಾರೆ ತುಂಬಿದರೆ ಆಯಿತು. ದಾಟಿ ಬೆಳೆದಿದ್ದರೆ ಗೋಡೆ ತೇಪೆ ಹಾಕುವ ಮೊದಲು ಆ ಬದಿಯಲ್ಲಿ ನೀರು ಎಲ್ಲಿಂದ ಬರುತ್ತಿದೆ ಎಂದು ಹುಡುಕಿ.